ಎರೆಭೂತದ ವಂಶಾವಳಿ, ಸೋದರಿಕೆಯ ಲೆಕ್ಕ

ರಾಯಚೂರಿನಿಂದ ಮಾನ್ವಿಯ ದಾರಿ ಹಿಡಿದವರಿಗೆ ಇಂದು ಕಾಣುವುದು ಕಾಲುವೆ, ಗದ್ದೆ, ಭತ್ತದ ಮೂಟೆ, ಅಕ್ಕಿ ಗಿರಣಿ. ಎಪ್ಪತ್ತು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಕಣ್ಣು ಹಾಯುವಷ್ಟು ದೂರವೂ ಎರಿಹೊಲ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಕೆಲವೆಡೆ ಹತ್ತಿ, ನಡುನಡುವೆ ಯಾರೂ ಉಳದೆ ಬಿಟ್ಟ ಹುಲ್ಲುಬಯಲು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಎಡದಂಡೆ ಕಾಲುವೆಗೆ ಹರಿಯತೊಡಗಿದ ಮೇಲೆ ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳ ಬಣ್ಣವೇ ಬದಲಾಯಿತು. ಕೃಷ್ಣೆಯ ಕಡೆ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆ ಬಂದು ದೇವದುರ್ಗದ ಸರದಿಯೂ ಆಯಿತು. ಬರ ಕಂಡು ಬೇಸತ್ತ ಜನರಿಗೆ ನೀರು ಸಿಕ್ಕಿತು. ಇದನ್ನು ತಪ್ಪು ಎನ್ನುವ ಎದೆ ಯಾರಿಗೂ ಇರಲಾರದು.

ಆದರೆ ಆ ಒಣಬಯಲನ್ನೇ ನಂಬಿ ಬದುಕಿದ ಜೀವಿಗಳೂ ಇದ್ದವು. ರಾಯಚೂರು ದೋ-ಆಬಿಗಾಗಿ ವಿಜಯನಗರದವರೂ ಬಹಮನಿಗಳೂ ತಲೆತಲಾಂತರ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು ಇದೇ ನೆಲಕ್ಕಾಗಿ. ಆ ನೆಲದ ಮೇಲಿನ ಹುಲ್ಲಿಗಾಗಿ ಮಾತ್ರ ಯಾರೂ ಕಾದಾಡಿದ್ದು ಕಾಣೆ. ಹುಲ್ಲುಬಯಲೆಂದರೆ ಸರ್ಕಾರದ ಕಾಗದದಲ್ಲಿ ಬಹುಪಾಲು ‘ಪಾಳುಭೂಮಿ’. ಪಾಳು ಬಿದ್ದದ್ದನ್ನು ಉಪಯೋಗಕ್ಕೆ ತರುವುದು ಪುಣ್ಯದ ಕೆಲಸವಲ್ಲವೆ?

ಈ ಬಯಲಿನ ದೊರೆ ಒಂದು ಹಕ್ಕಿ. ಮೀಟರಿನಷ್ಟು ಎತ್ತರ, ಗಂಡಾದರೆ ಹತ್ತು ಕಿಲೋ ದಾಟುವ ತೂಕ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪುಸ್ತಕಗಳಲ್ಲಿ ಕರೆಸಿಕೊಳ್ಳುವ ಇದಕ್ಕೆ ನಮ್ಮಲ್ಲಿ ಎರೆಭೂತ, ಎರ್ಲಡ್ಡು, ದೊರೆವಾಯನ ಹಕ್ಕಿ ಎಂದು ಹಲವು ಹೆಸರುಗಳುಂಟು. ಎರೆಯೆಂದರೆ ಕಪ್ಪುಮಣ್ಣು, ನೆಲದ ಹೆಸರೇ ಹಕ್ಕಿಗೂ ಅಂಟಿದೆ. ಪಕ್ಷಿತಜ್ಞ ಸಲೀಂ ಅಲಿ ಇದನ್ನು ರಾಷ್ಟ್ರಪಕ್ಷಿ ಮಾಡಬೇಕೆಂದು ಸೂಚಿಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

ಇಂದು ಕರ್ನಾಟಕದಲ್ಲಿ ಎರೆಭೂತ ಉಳಿದಿರುವುದು ಸಿಂಧನೂರು-ಮಾನ್ವಿ ಕಡೆಯಿಂದ ತುಂಗಭದ್ರೆ ದಾಟಿದರೆ ಸಿಗುವ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರಿಹೊಲಗಳಲ್ಲಿ. ಬೆರಳಲ್ಲಿ ಎಣಿಸುವಷ್ಟು ಹಕ್ಕಿಗಳು. ಇಷ್ಟು ಕಡಿಮೆ ಉಳಿದಾಗ ಬೇಟೆ, ಹಸಿವು, ನಾಯಿಕಾಟ ಮುಂತಾದ ಕಣ್ಣಿಗೆ ಕಾಣುವ ಕಂಟಕಗಳ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಸೇರಿಕೊಳ್ಳುತ್ತದೆ. ಅದು ರಕ್ತಸಂಬಂಧದ ಕಂಟಕ.

ಮನೆಯೊಳಗಿನ ಲೆಕ್ಕ

ರಕ್ತಸಂಬಂಧದ ಮಾತು ನಮ್ಮ ಓದುಗರಿಗೆ ಹೊಸದಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮ ಭಾಗದಲ್ಲಿ ಹಳೆಯ ರೂಢಿ. ಆಸ್ತಿ ಒಡೆಯದು, ಹುಡುಗಿ ಪರರ ಮನೆ ಸೇರಳು ಎಂಬ ಧೈರ್ಯ ಅದರ ಹಿಂದಿದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಅವರ ಸಂಗಡಿಗರು ಕರ್ನಾಟಕದ ನವಜಾತ ಶಿಶುಗಳ ರಕ್ತಪರೀಕ್ಷೆಯ ದೊಡ್ಡ ಕಾರ್ಯಕ್ರಮ ನಡೆಸಿದರು. ಆಗ ಮೂರು ಮದುವೆಗಳಲ್ಲಿ ಒಂದು ಸೋದರಿಕೆಯಲ್ಲಿ ಆದದ್ದೆಂದು ತಿಳಿದುಬಂತು.

ಇದರ ಲೆಕ್ಕ ಸರಳ. ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಒಂದು ತಾಯಿಯದು, ಇನ್ನೊಂದು ತಂದೆಯದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ನೆಟ್ಟಗಿದ್ದರೆ ಎಷ್ಟೋ ಸಲ ಕೆಲಸ ನಡೆದುಹೋಗುತ್ತದೆ. ಎಲ್ಲರ ಮೈಯಲ್ಲೂ ಹೀಗೆ ಅಡಗಿ ಕುಳಿತ ಕೆಲವು ಕೆಟ್ಟ ಪ್ರತಿಗಳಿವೆ. ಪರಸ್ಪರ ಸಂಬಂಧವಿಲ್ಲದವರು ಮದುವೆಯಾದಾಗ ಇಬ್ಬರಲ್ಲಿಯೂ ಒಂದೇ ಕೆಟ್ಟ ಪ್ರತಿ ಇರುವ ಸಂಭವ ಕಡಿಮೆ. ಸೋದರಮಾವ ಮತ್ತು ಅಕ್ಕನ ಮಗಳ ಮಗುವಿನಲ್ಲಿ ಮಾತ್ರ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಇಳಿದು ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆ-ಮಾವಂದಿರ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಅಣ್ಣ-ತಂಗಿಯರ ಸಂತಾನವಾದರೆ, ಪ್ರಾಣಿಗಳಲ್ಲಿ ಇದು ಆಗುವುದುಂಟು, ನಾಲ್ಕರಲ್ಲಿ ಒಂದು. ಹಾಗೆಂದು ಸೋದರಿಕೆಯ ಮಕ್ಕಳೆಲ್ಲ ರೋಗಿಗಳೆಂದಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತವೆ. ಆದರೆ ಅಪಾಯದ ಪಾಲು ಏರುತ್ತದೆ.

ಮನುಷ್ಯರಲ್ಲಿ ಇದು ಆಯ್ಕೆ. ಬೇಡವೆಂದರೆ ಬೇರೆ ಊರಿನ ಸಂಬಂಧ ಹುಡುಕಬಹುದು. ಹತ್ತೇ ಹಕ್ಕಿ ಉಳಿದ ಬಯಲಿನಲ್ಲಿ ಬೇರೆ ಊರಿಲ್ಲ. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಎಲ್ಲವೂ ಎಲ್ಲಕ್ಕೂ ನೆಂಟರು. ಇದನ್ನೇ ವಿಜ್ಞಾನಿಗಳು ಒಳಸಂಕರಣ ಎನ್ನುತ್ತಾರೆ. 1979ರಲ್ಲಿ ಅಮೆರಿಕದ ಕ್ಯಾಥರೀನ್ ರಾಲ್ಸ್ ಮತ್ತು ಸಂಗಡಿಗರು ಮೃಗಾಲಯಗಳ ಹಳೆಯ ದಾಖಲೆ ತೆಗೆದು ನೋಡಿದರು. ಗೊರಸಿನ ಪ್ರಾಣಿಗಳ 16 ಜಾತಿಗಳ ಪೈಕಿ 15ರಲ್ಲಿ ಒಳಸಂಕರಣದಿಂದ ಹುಟ್ಟಿದ ಮರಿಗಳೇ ಹೆಚ್ಚು ಸಾಯುತ್ತಿದ್ದವು. ಅಲ್ಲಿಯವರೆಗೆ ಮರಿಗಳ ಸಾವಿಗೆ ಮೇವು, ಚಳಿ, ಕಾವಲುಗಾರನ ಅಜಾಗರೂಕತೆ ಎಂದು ಕಾರಣ ಹೇಳಿಕೊಂಡು ಬಂದಿದ್ದವರು ಬೆಚ್ಚಿಬಿದ್ದರು.

ಊರಿಗೊಂದೇ ಹೋರಿ

ತಲೆ ಎಣಿಸಿ ಸಮಾಧಾನಪಡುವುದೂ ತಪ್ಪು. ಒಂದು ಊರಿನಲ್ಲಿ ಒಂಬತ್ತು ಆಕಳು, ಒಂದೇ ಹೋರಿ ಇದೆಯೆನ್ನಿ. ತಲೆಗಳು ಹತ್ತಾದರೂ ಹುಟ್ಟುವ ಕರುಗಳೆಲ್ಲ ಒಂದೇ ತಂದೆಯವು. ತಳಿಶಾಸ್ತ್ರದ ಸೂತ್ರಕ್ಕೆ ಹಾಕಿದರೆ ಆ ಹತ್ತರ ಬೆಲೆ ನಾಲ್ಕಕ್ಕೂ ಕಡಿಮೆ, 3.6 ಮಾತ್ರ. ಹಳ್ಳಿಯ ರೈತ ಸೂತ್ರ ಓದಿರಲಿಲ್ಲ. ಆದರೆ ಹೋರಿಯನ್ನು ಬೇರೆ ಊರಿನ ಜಾತ್ರೆಯಿಂದ ಕೊಂಡು ತರುವ, ಬಿತ್ತನೆಯ ಜೋಳವನ್ನು ಆಗಾಗ ಪರಊರಿನವರೊಂದಿಗೆ ಬದಲಿಸಿಕೊಳ್ಳುವ ರೂಢಿಯಿತ್ತು. ಎರಿಯ ಅಂಟುಮಣ್ಣಿನಲ್ಲಿ ಭಾರದ ನೇಗಿಲು ಎಳೆಯಲೆಂದೇ ಬೆಳೆಸಿದ ಕೃಷ್ಣಾ ಕಣಿವೆ ತಳಿಯ ಎತ್ತುಗಳೂ ಗಿರ್, ಓಂಗೋಲು, ಕಾಂಕ್ರೇಜ್ ಮತ್ತು ನಮ್ಮ ನಾಡಿನ ದನಗಳ ಬೆರಕೆಯಿಂದ ಬಂದವೇ. ಆ ತಳಿಯೂ ಈಗ ಟ್ರ್ಯಾಕ್ಟರಿನ ಮುಂದೆ ಸೋತು ವಿರಳವಾಗಿದೆ.

ಎರೆಭೂತದ ಸಂಸಾರದಲ್ಲಿ ಈ ‘ಒಂದೇ ಹೋರಿ’ ಸಮಸ್ಯೆ ಹುಟ್ಟಿನಿಂದಲೇ ಉಂಟು. ಮಳೆಗಾಲದಲ್ಲಿ ಗಂಡು ಬಯಲಿನ ಎತ್ತರದ ಜಾಗದಲ್ಲಿ ನಿಂತು ಗಂಟಲಚೀಲ ಉಬ್ಬಿಸಿ, ಬಾಲವೆತ್ತಿ, ಗುಂಯ್‌ಗುಡುತ್ತದೆ. ಹೆಣ್ಣುಗಳು ಬಂದು ನೋಡಿ ಆರಿಸಿಕೊಳ್ಳುತ್ತವೆ. ಕೆಲವೇ ಗಂಡುಗಳಿಗೆ ಆ ಭಾಗ್ಯ. ಮೊಟ್ಟೆಯೋ ವರ್ಷಕ್ಕೆ ಸಾಮಾನ್ಯವಾಗಿ ಒಂದು, ಅದೂ ಬರಿನೆಲದ ಮೇಲೆ. ಗುಜರಾತಿನ ಕಛ್‌ನಲ್ಲಿ 2020ರ ಹೊತ್ತಿಗೆ ಉಳಿದದ್ದು ಕೆಲವೇ ಹೆಣ್ಣು ಹಕ್ಕಿಗಳು. ಗಂಡು ಒಂದೂ ಇರಲಿಲ್ಲ. ತಲೆಗಳಿದ್ದವು, ವಂಶ ನಿಂತಿತ್ತು.

ಹೊಸ ನೆಲಕ್ಕೆ ಒಯ್ದು ಬಿಟ್ಟ ಪ್ರಾಣಿಗಳಿಗೂ ಇದೇ ಗಂಡಾಂತರ. ಸ್ವತಂತ್ರ ಭಾರತದ ಮೊದಲ ಇಂಥ ಪ್ರಯೋಗಗಳಲ್ಲೊಂದು 1957ರಲ್ಲಿ ನಡೆಯಿತು. ಗಿರ್ ಕಾಡಿನಿಂದ ಒಂದು ಗಂಡು, ಎರಡು ಹೆಣ್ಣು ಸಿಂಹಗಳನ್ನು ತಂದು ಉತ್ತರಪ್ರದೇಶದ ಚಂದ್ರಪ್ರಭಾ ಅಭಯಾರಣ್ಯದಲ್ಲಿ ಬಿಡಲಾಯಿತು. 1965ರ ವೇಳೆಗೆ ಅವು ಹನ್ನೊಂದಾದವು. ಎಲ್ಲರೂ ಹಿಗ್ಗಿದರು. ಅನಂತರ ಒಂದೂ ಕಾಣಲಿಲ್ಲ. ಬೇಟೆಯೋ ವಿಷವೋ, ಕಾರಣ ಏನೇ ಇರಲಿ. ಬದುಕಿ ಉಳಿದಿದ್ದರೂ ಅವೆಲ್ಲ ಒಬ್ಬ ತಂದೆಯ ಮಕ್ಕಳು, ಮೊಮ್ಮಕ್ಕಳು. ಮೂರು ಪ್ರಾಣಿಗಳಿಂದ ಮನೆತನ ಕಟ್ಟಬಹುದು, ಊರು ಕಟ್ಟಲಾಗದು.

ಎಷ್ಟಿದ್ದರೆ ಸಾಕು? 1980ರಲ್ಲಿ ಆಸ್ಟ್ರೇಲಿಯದ ಇಯಾನ್ ಫ್ರಾಂಕ್ಲಿನ್ ಒಂದು ಅಂದಾಜು ಕೊಟ್ಟರು: ತತ್ಕಾಲದ ಒಳಸಂಕರಣ ತಪ್ಪಿಸಲು ಸಂತಾನಕ್ಕೆ ನಿಲ್ಲುವ 50 ಪ್ರಾಣಿಗಳಾದರೂ ಬೇಕು, ದೀರ್ಘಕಾಲದ ಆರೋಗ್ಯಕ್ಕೆ 500. ಈಚಿನವರು ಇದೂ ಸಾಲದು ಎನ್ನುತ್ತಾರೆ. ಹಾಗೆ ನಿಲ್ಲುವ ಪ್ರಾಣಿಗಳು 50 ಇದ್ದರೆ ತಲೆಮಾರಿಗೆ ನೂರಕ್ಕೆ ಒಂದು ಪಾಲು ತಳಿವೈವಿಧ್ಯ ಕೈಬಿಡುತ್ತದೆ. 10 ಇದ್ದರೆ ಐದು ಪಾಲು. ಹತ್ತು ತಲೆಮಾರಿನ ಕೊನೆಗೆ ಮೊದಲನೆಯದರಲ್ಲಿ ತೊಂಬತ್ತು ಪಾಲು ಉಳಿದಿದ್ದರೆ ಎರಡನೆಯದರಲ್ಲಿ ಅರವತ್ತು. ಕಳೆದದ್ದು ಬಡ್ಡಿಯಲ್ಲ, ಅಸಲು.

ಚೀತಾ ಕಲಿಸಿದ ಪಾಠ

ಈ ವಿದ್ಯೆಗೆ ಜಗತ್ತಿನ ಗಮನ ಸೆಳೆದದ್ದು ಚೀತಾ. ಒಂದು ಕಾಲಕ್ಕೆ ಇದೂ ನಮ್ಮ ಬಯಲಿನದೇ ಮೃಗ. ಹೈದರಾಬಾದು, ಕೊಲ್ಲಾಪುರದಂಥ ಸಂಸ್ಥಾನಗಳಲ್ಲಿ ಚಿಗರಿಯ ಬೇಟೆಗೆ ಚೀತಾಗಳನ್ನು ಪಳಗಿಸಿ, ಕಣ್ಣುಪಟ್ಟಿ ಕಟ್ಟಿ ಬಂಡಿಯಲ್ಲಿ ಒಯ್ಯುತ್ತಿದ್ದರು. ರಾಯಚೂರೂ 1956ರವರೆಗೆ ಹೈದರಾಬಾದು ರಾಜ್ಯಕ್ಕೇ ಸೇರಿತ್ತು. ಅಕ್ಬರನ ಬಳಿ ಸಾವಿರ ಚೀತಾಗಳಿದ್ದವಂತೆ. ಆದರೂ ಸೆರೆಯಲ್ಲಿ ಮರಿಹಾಕಿದ ಒಂದೇ ಒಂದು ಪ್ರಸಂಗವನ್ನು ಜಹಾಂಗೀರ ಬೆರಗಿನಿಂದ ಬರೆದಿಟ್ಟಿದ್ದಾನೆ. ಅಂದರೆ ಪ್ರತಿ ಪಳಗಿದ ಚೀತಾವೂ ಬಯಲಿನಿಂದ ಕಿತ್ತು ತಂದದ್ದೇ. ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ಸಿಗದೆ ಆಫ್ರಿಕದಿಂದ ತರಿಸುವಂತಾಯಿತು. 1952ರಲ್ಲಿ ಭಾರತದಲ್ಲಿ ಚೀತಾ ಮುಗಿಯಿತೆಂದು ಘೋಷಣೆಯಾಯಿತು.

1980ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಒಬ್ರಿಯನ್ ಮತ್ತು ಸಂಗಡಿಗರು ಆಫ್ರಿಕದ ಚೀತಾಗಳ ರಕ್ತ ಪರೀಕ್ಷಿಸಿದಾಗ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ನಂಬದೆ ಒಂದು ಚೀತಾದ ಚರ್ಮದ ತುಣುಕನ್ನು ಇನ್ನೊಂದಕ್ಕೆ ಕಸಿ ಮಾಡಿದರು. ಬೇರೆಯವರ ಚರ್ಮವನ್ನು ಮೈ ಬೇಗನೆ ತಿರಸ್ಕರಿಸುವುದು ಸಾಮಾನ್ಯ. ಇಲ್ಲಿ ನೆಂಟಸ್ತನವೇ ಇಲ್ಲದ ಚೀತಾಗಳೂ ಅದನ್ನು ತಮ್ಮದೆಂದೇ ಸ್ವೀಕರಿಸಿದವು. ಸಾವಿರಾರು ವರ್ಷಗಳ ಹಿಂದೆ ಎಂದೋ ಚೀತಾಗಳು ತೀರ ಕಡಿಮೆಯಾಗಿದ್ದವು ಎಂಬುದಕ್ಕೆ ಆ ಚರ್ಮವೇ ಶಾಸನವಾಯಿತು. ಎಲ್ಲರೂ ಒಂದೇ ಅಚ್ಚಿನವರಾದರೆ ಒಂದು ರೋಗ ಎಲ್ಲರ ಬಾಗಿಲನ್ನೂ ಒಂದೇ ಕೀಲಿಯಿಂದ ತೆರೆಯಬಲ್ಲದು. ಅದೇ ದಶಕದಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಮೃಗೋದ್ಯಾನವೊಂದರಲ್ಲಿ ಬೆಕ್ಕಿನ ಸಾಂಕ್ರಾಮಿಕವೊಂದು ಹೊಕ್ಕು ಅರ್ಧಕ್ಕೂ ಹೆಚ್ಚು ಚೀತಾಗಳನ್ನು ಕೊಂದಿತು. ಅಲ್ಲಿದ್ದ ಸಿಂಹಗಳಿಗೆ ಏನೂ ಆಗಲಿಲ್ಲ.

ಮಧ್ಯಪ್ರದೇಶದ ಕೂನೋಗೆ 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8, 2023ರ ಫೆಬ್ರವರಿ 18ರಂದು ದಕ್ಷಿಣ ಆಫ್ರಿಕದಿಂದ 12 ಚೀತಾಗಳು ಬಂದಾಗ ಈ ಪಾಠದ ನೆನಪಿತ್ತು. ಎರಡು ದೇಶಗಳಿಂದ ತಂದದ್ದು, ಮುಂದೆಯೂ ಹೊಸ ಪ್ರಾಣಿಗಳನ್ನು ತಂದು ಸೇರಿಸುತ್ತಿರಬೇಕೆಂದು ಯೋಜನೆಯಲ್ಲಿ ಬರೆದದ್ದು ಇದಕ್ಕಾಗಿಯೇ. ವಿಪರ್ಯಾಸವೆಂದರೆ ಅದೇ ಕೂನೋವನ್ನು ಮೊದಲು ಸಿದ್ಧಪಡಿಸಿದ್ದು ಗಿರ್ ಸಿಂಹಗಳಿಗಾಗಿ. 2013ರಲ್ಲಿ ಸುಪ್ರೀಂ ಕೋರ್ಟ್ ಸಿಂಹಗಳನ್ನು ಅಲ್ಲಿಗೆ ಕಳಿಸಬೇಕೆಂದು ಆದೇಶಿಸಿದರೂ ಅವು ಹೋಗಲಿಲ್ಲ.

ಗಿರ್ ಸಿಂಹಗಳು ಈ ಕಥೆಯ ಇನ್ನೊಂದು ಮುಖ. ನೂರು ವರ್ಷಗಳ ಹಿಂದೆ ಕೆಲವೇ ಹತ್ತಾಗಿ ಉಳಿದಿದ್ದ ಅವು 2025ರ ಗಣತಿಯಲ್ಲಿ 891. ಒಳಸಂಕರಣವೆಂದರೆ ಮರಣಶಾಸನವೇನಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ 1987ರಲ್ಲೇ ಅವುಗಳ ವೀರ್ಯದಲ್ಲಿ ದೋಷ ಹೆಚ್ಚೆಂದು ಪರೀಕ್ಷೆಯಿಂದ ತಿಳಿದಿತ್ತು. 2018ರಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ತಗುಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟದ್ದು ಎಂಥ ಅಪಾಯವೆಂಬುದು ಕಣ್ಣಿಗೆ ಕಟ್ಟಿತು.

ಹೊರಗಿನ ಸಂಬಂಧ

ಎರೆಭೂತಕ್ಕೆ ಹತ್ತಿರದ ದೃಷ್ಟಾಂತ ಅಮೆರಿಕದ ಇಲಿನಾಯ್ ರಾಜ್ಯದ್ದು. ಅಲ್ಲಿಯ ಹುಲ್ಲುಬಯಲಿನ ಪ್ರೇರಿ ಕೋಳಿ ಕೂಡ ಗಂಡುಗಳು ಕುಣಿದು ಹೆಣ್ಣುಗಳು ಆರಿಸುವ ಜಾತಿ. ಬಯಲನ್ನು ಉತ್ತು ಜೋಳ, ಸೋಯಾ ಹಾಕಿದರು. 1962ರಲ್ಲಿ ಸುಮಾರು 2000 ಇದ್ದ ಕೋಳಿಗಳು 1994ಕ್ಕೆ 50ಕ್ಕೂ ಕಡಿಮೆಯಾದವು. ಸರ್ಕಾರ ಹುಲ್ಲುಗಾವಲು ಕೊಂಡುಕೊಟ್ಟಿತು, ಶತ್ರುಪ್ರಾಣಿಗಳನ್ನು ದೂರವಿಟ್ಟಿತು, ಸಂಖ್ಯೆ ಏರಲಿಲ್ಲ. ನೋಡಿದರೆ ಇಟ್ಟ ಮೊಟ್ಟೆಗಳೇ ಒಡೆಯುತ್ತಿಲ್ಲ! 1992ರಿಂದ ಮಿನೆಸೋಟ, ಕಾನ್ಸಾಸ್, ನೆಬ್ರಾಸ್ಕಗಳಿಂದ 271 ಕೋಳಿಗಳನ್ನು ತಂದು ಬಿಟ್ಟರು. ಹೊರಗಿನ ಸಂಬಂಧ ಕೂಡಿದ ಮೇಲೆ ಮೊಟ್ಟೆಗಳು ಮತ್ತೆ ಮರಿಯಾಗತೊಡಗಿದವು. ನೆಲವನ್ನು ಉಳಿಸಿದರೂ ರಕ್ತ ಸೊರಗಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ನಮ್ಮಲ್ಲಿ ಹುಲಿಗಳ ಮೇಲೂ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಒಡಿಶಾದ ಸಿಮ್ಲಿಪಾಲದ ‘ಕರಿ ಹುಲಿ’ಗಳ ಗುಟ್ಟು ಬಯಲಾಯಿತು. ಬೇರೆಡೆ ಕಾಣಸಿಗದ ಒಂದು ವಂಶವಾಹಿ ದೋಷ ಆ ಒಂಟಿಕಾಡಿನಲ್ಲಿ ಸಾಮಾನ್ಯವಾಗಿತ್ತು. ರಣಥಂಬೋರಿನಂಥ ಚಿಕ್ಕ, ಸುತ್ತುವರಿದ ಕಾಡಿನ ಹುಲಿಗಳಲ್ಲಿ ಒಳಸಂಕರಣ ಹೆಚ್ಚೆಂಬುದೂ ತಿಳಿದುಬಂತು. ಕರಿಹುಲಿ ನೋಡಲು ಚೆಂದ. ಆದರೆ ಅದು ಕಾಡಿಗೆ ಬೇಲಿ ಬಿದ್ದದ್ದರ ಗುರುತು.

ಎರೆಭೂತದ ವಿಷಯದಲ್ಲಿ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಐದು ರಾಜ್ಯಗಳ ಹಕ್ಕಿಗಳ, ತಾಯಿಯಿಂದ ಮಾತ್ರ ಇಳಿದುಬರುವ ವಂಶವಾಹಿಯನ್ನು ಹೋಲಿಸಿ ನೋಡಿದಾಗ ಅವುಗಳಲ್ಲಿ ವೈವಿಧ್ಯ ಬಹಳ ಕಡಿಮೆಯೆಂದು ಕಂಡಿತು. ಇದು ಕೆಟ್ಟ ಸುದ್ದಿ. ಆದರೆ ಒಂದು ರಾಜ್ಯದ ಹಕ್ಕಿಗೂ ಇನ್ನೊಂದು ರಾಜ್ಯದ ಹಕ್ಕಿಗೂ ಬೇರೆ ಬೇರೆ ಕವಲೆನ್ನುವಂಥ ಅಂತರವೂ ಕಾಣಲಿಲ್ಲ. ಅಂದರೆ ಥಾರಿನ ಹಕ್ಕಿ ಸಿರುಗುಪ್ಪದ ಹಕ್ಕಿಗೆ ಪರಕೀಯವಲ್ಲ, ಸಂಬಂಧ ಬೆಳೆಸಬಹುದು. ಕಷ್ಟದಲ್ಲಿರುವ ಮನೆಗೆ ಇದು ಸಣ್ಣ ಆಸರೆಯಲ್ಲ.

ಆ ಸಂಬಂಧಕ್ಕೆ ಹಕ್ಕಿಗಳು ಎಲ್ಲಿವೆ? ದೇಶದಲ್ಲಿ ಉಳಿದಿರುವುದೇ ಸುಮಾರು 150 ಎಂದು 2018ರ ಸುಮಾರಿನ ಅಂದಾಜು. ಬಹುತೇಕ ಎಲ್ಲವೂ ರಾಜಸ್ಥಾನದಲ್ಲಿ. 1809ರಿಂದ 1829ರವರೆಗೆ ಅಹಮದ್‌ನಗರದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ದೊರೆ 961 ಎರೆಭೂತಗಳನ್ನು ಹೊಡೆದುರುಳಿಸಿದ್ದ ಎಂಬುದನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. 2019ರಿಂದ ಜೈಸಲ್ಮೇರಿನ ಬಳಿ ಕಾಡಿನ ಮೊಟ್ಟೆಗಳನ್ನು ತಂದು ಕಾವುಕೊಟ್ಟು ಮರಿಮಾಡುವ ಕೆಲಸವನ್ನು ಭಾರತೀಯ ವನ್ಯಜೀವಿ ಸಂಸ್ಥೆ ನಡೆಸುತ್ತಿದೆ. ಕೇಂದ್ರಗಳು ಎರಡು, ಸಮ್ ಮತ್ತು ರಾಮದೇವ್ರಾ. 2024ರ ಅಕ್ಟೋಬರಿನಲ್ಲಿ ರಾಮದೇವ್ರಾದ ಗಂಡಿನ ವೀರ್ಯವನ್ನು ಸಮ್‌ಗೆ ಒಯ್ದು ಕೃತಕ ಗರ್ಭಧಾರಣೆಯಿಂದ ಮರಿ ಪಡೆದರು; ಈ ಜಾತಿಯಲ್ಲಿ ಇದೇ ಮೊದಲು. ಜೊತೆಗೂಡಲು ಒಪ್ಪದ ಜೋಡಿಗಳಿಂದಲೂ, ದೂರದ ಗಂಡಿನಿಂದಲೂ ಸಂತಾನ ಪಡೆಯಬಹುದಾದ್ದರಿಂದ ಯಾವ ವಂಶ ಯಾವುದಕ್ಕೆ ಕೂಡಬೇಕೆಂದು ಲೆಕ್ಕ ಹಾಕಿ ನಡೆಸಲು ಇದು ಒದಗುತ್ತದೆ. ನಮ್ಮ ಹಿರಿಯರು ಗೋತ್ರ, ಬೆಡಗು ನೋಡಿದಂತೆ ಇಲ್ಲಿ ವಂಶಾವಳಿಯ ಪುಸ್ತಕ ನೋಡಬೇಕು. ಕೇಂದ್ರಗಳಲ್ಲಿಯ ಹಕ್ಕಿಗಳ ಸಂಖ್ಯೆ 2025ರ ಹೊತ್ತಿಗೆ 60ನ್ನು ದಾಟಿತ್ತು.

ಮರಳಿ ಎರಿಹೊಲಕ್ಕೆ

ಮುಂದೊಂದು ದಿನ ಆ ಮರಿಗಳ ಮರಿಗಳು ದಕ್ಷಿಣಕ್ಕೂ ಬರಬಹುದು. ಬಂದರೆ ಇಳಿಯುವುದು ಎಲ್ಲಿ? ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾಯಿತು. ಚಿಗರಿಗಳು ಹೆಚ್ಚಿದವು, ಎರೆಭೂತ ಉಳಿಯಲಿಲ್ಲ. ಬಯಲಿನಲ್ಲಿ ನೀಲಗಿರಿ ನೆಟ್ಟು ಕಾಡು ಮಾಡಿದ್ದು ಬಯಲ ಹಕ್ಕಿಗೆ ಉಪಕಾರವಾಗಲಿಲ್ಲ. ನಮ್ಮ ಪಕ್ಕದ ಅಂದಿನ ಕರ್ನೂಲು ಜಿಲ್ಲೆಯ ರೋಳ್ಳಪಾಡಿನಲ್ಲಿ 1988ರಲ್ಲಿ ಈ ಹಕ್ಕಿಗೆಂದೇ ಅಭಯಾರಣ್ಯ ಮಾಡಿದರು. ಅಲ್ಲೂ ಅದು ಅಪರೂಪವಾಗಿ ಹೋಯಿತು. ಸಿರುಗುಪ್ಪದಲ್ಲಿ ಅದು ಇಷ್ಟು ದಿನ ಉಳಿದದ್ದು ಯಾವ ಬೇಲಿಯಿಂದಲೂ ಅಲ್ಲ. ನೀರಾವರಿ ಮುಟ್ಟದ ಎರಿಯಲ್ಲಿ ರೈತರು ಈಗಲೂ ಜೋಳ, ಕಡಲೆ ಬಿತ್ತುತ್ತಿರುವುದರಿಂದ. ಕೊಯ್ಲಾದ ಹೊಲದಲ್ಲಿ ಮಿಡತೆ ಹೆಕ್ಕುತ್ತ, ಪಕ್ಕದ ಹುಲ್ಲಿನಲ್ಲಿ ಮೊಟ್ಟೆಯಿಡುತ್ತ ಅದು ರೈತನ ಜೊತೆಗೇ ಬದುಕಿದೆ. ಆ ಹೊಲಕ್ಕೆ ಕಾಲುವೆ ಬಂದರೆ, ಅಥವಾ ಹೊಲದ ಮೇಲೆ ವಿದ್ಯುತ್ ತಂತಿ ಹಾದರೆ ಕಥೆ ಮುಗಿದಂತೆ. ಭಾರದ ಮೈ, ಎದುರಿಗಿರುವುದನ್ನು ಸರಿಯಾಗಿ ಕಾಣದ ಕಣ್ಣು. ತಂತಿಗೆ ಬಡಿದು ಸಾಯುವುದು ಇದರ ಇಂದಿನ ದೊಡ್ಡ ಗಂಡಾಂತರ. 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತುಗಳ ತಂತಿಗಳ ವಿಚಾರ ಕೈಗೆತ್ತಿಕೊಂಡದ್ದು ಇದಕ್ಕಾಗಿಯೇ.

ಬೆಳಕೂ ಬೇಕು, ನೀರೂ ಬೇಕು. ಮಾನ್ವಿಯ ಗದ್ದೆಯನ್ನು ಯಾರೂ ಮತ್ತೆ ಬಯಲು ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ಆದರೆ ತುಂಗಭದ್ರೆಯ ಆಚೆ ಉಳಿದಿರುವ ಕೆಲವು ಸಾವಿರ ಎಕರೆ ಎರಿಯಲ್ಲಿ ಜೋಳ ಬಿತ್ತುವ ರೈತನಿಗೆ, ಭತ್ತದವನಿಗಿಂತ ನಷ್ಟವಾಗದಂತೆ ಬೆಲೆ ಕಟ್ಟಿಕೊಡುವುದು, ಅಲ್ಲಿ ತಂತಿಯನ್ನು ನೆಲದೊಳಗೆ ಹಾಯಿಸುವುದು ಅಸಾಧ್ಯದ ಮಾತಲ್ಲ. ರಕ್ತ ಸೊರಗಿದ ಹಕ್ಕಿಗೆ ಹೊರಗಿನ ಸಂಬಂಧ ತರುವ ವಿದ್ಯೆ ನಮ್ಮ ಕೈಗೆ ಬಂದಿದೆ. ಇಲಿನಾಯಿನವರು ನೆಲ ಕೊಟ್ಟು ರಕ್ತ ಮರೆತಿದ್ದರು. ನಾವು ರಕ್ತದ ಲೆಕ್ಕ ಕಲಿತು ನೆಲ ಮರೆಯುವಂತಾಗಬಾರದು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಅವಸರದವರನ್ನು ನಮ್ಮವರು ಹಂಗಿಸುವುದುಂಟು. ಎರೆಭೂತದ ವಿಷಯದಲ್ಲಿ ಗಾದೆ ತಿರುಗಿ ನಿಂತಿದೆ. ಕೂಸು ಅಲ್ಲಿ ಮರುಭೂಮಿಯಲ್ಲಿ ಹುಟ್ಟಿದೆ. ಇಲ್ಲಿ ಕುಲಾವಿಗೆ ಇನ್ನೂ ಬಟ್ಟೆ ಕತ್ತರಿಸಿಲ್ಲ.